ಆನೆಯ ಕೆಮ್ಮು

ಅತ್ತೆ ಊರಿಗೆ ಹೊರಡುವ ದಿನವೇ ಅಳಿಯನಿಗೆ ರಜೆ ಸಿಗಲಿಲ್ಲ. ಮೃಗಾಲಯದ ಟಿಕೆಟ್ ಗುಮಾಸ್ತನ ಪಾಲಿಗೆ ಇದಕ್ಕಿಂತ ದೊಡ್ಡ ಗಂಡಾಂತರವಿರಲಿಲ್ಲ. ಹುಲಿ ಬೋನು ಬಿಟ್ಟು ಬಂದಿದ್ದರೂ ಅವನು ಅಷ್ಟು ಹೆದರುತ್ತಿರಲಿಲ್ಲ.

ನಾಲ್ಕು ದಿನಕ್ಕೆಂದು ಬಂದ ಅತ್ತೆ ಬೇಸಿಗೆ ಮುಗಿಸಿ ಮಳೆಗಾಲಕ್ಕೂ ಕಾಲಿಟ್ಟಿದ್ದರು. ಅವನ ಕುರ್ಚಿ, ಅವನ ಹೊದಿಕೆ, ಕೊನೆಗೆ ಅವನ ನಿದ್ದೆ ಕೂಡ ಅವರ ವಶವಾಗಿತ್ತು. ಇವತ್ತು ಬೆಳಿಗ್ಗೆ ತಾವಾಗಿಯೇ ಪೆಟ್ಟಿಗೆ ಕಟ್ಟಿ ಹೇಳಿದ್ದರು: "ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಿ. ಅಳಿಯಂದ್ರು ಬಂದು ಹತ್ತಿಸ್ಬೇಕು. ಬರದೆ ಇದ್ರೆ ನಾನು ಹೋಗೋಳಲ್ಲ."

ಅವರೂರಿಗೆ ವಾರಕ್ಕೊಂದೇ ಬಸ್ಸು.

ಪುಣ್ಯಕ್ಕೆ ಆಕಾಶ ತೂತಾದಂತೆ ಮಳೆ ಹೊಯ್ಯುತ್ತಿತ್ತು. ಮೃಗಾಲಯದಲ್ಲೊಂದು ಹಳೆಯ ಪದ್ಧತಿಯಿತ್ತು. ಮಳೆಯ ದಿನ ಊಟದ ಗಂಟೆ ಹೊಡೆಯುವವರೆಗೆ ಒಂದು ಟಿಕೆಟೂ ಹರಿಯದಿದ್ದರೆ ಗೇಟಿಗೆ ಬೀಗ, ಎಲ್ಲರೂ ಮನೆಗೆ. ಗುಮಾಸ್ತ ಸೋರುವ ಗೂಡಿನಲ್ಲಿ ಕೂತು ಟಿಕೆಟ್ ಪುಸ್ತಕವನ್ನು ಹಸುಗೂಸಿನಂತೆ ಎದೆಗವಚಿಕೊಂಡಿದ್ದ. ಮಾವುತನೂ ಕಸ ಗುಡಿಸುವವಳೂ ಗೇಟಿನ ಬಳಿ ನಿಂತು, ಯಾರೂ ಬರದಿರಲಿ ಎಂದು ರಸ್ತೆ ನೋಡುತ್ತಿದ್ದರು.

ಗಂಟೆಗೆ ಇನ್ನೇನು ಸ್ವಲ್ಪ ಬಾಕಿ. ಆಗ ಬಂದ ನೋಡಿ ಮಹಾನುಭಾವ! ಕೊಡೆ ಉಲ್ಟಾ ಹೊಡೆದಿದೆ, ಮೀಸೆಯಿಂದ ನೀರು ಸುರಿಯುತ್ತಿದೆ, ಮುಖದಲ್ಲಿ ಮಾತ್ರ ಮದುವೆ ಗಂಡಿನ ಕಳೆ. ಇಂಥ ಮಳೆಯಲ್ಲಿ ಮಂಗ ನೋಡಲು ಬರುವವನಿಗೆ ಮನೆಯ ಕನ್ನಡಿ ಸಾಲದೇ?

"ಒಂದು ಟಿಕೆಟ್ ಕೊಡಿ."

"ಹುಲಿ ಮಲಗಿದೆ ಸ್ವಾಮಿ."

"ಸಿಂಹ ನೋಡ್ತೀನಿ ಬಿಡಿ."

"ಅದಕ್ಕೆ ನೆಗಡಿ."

"ಆನೆ ಇದ್ಯಲ್ಲ?"

ಒಳಗಿನಿಂದ ಆನೆ ಘೀಳಿಟ್ಟಿತು.

"ಕೇಳಿದ್ರಾ? ಕೆಮ್ಮು!" ಎಂದ ಗುಮಾಸ್ತ.

ಮಾವುತನಿಗೆ ರೋಷ ಉಕ್ಕಿತು. "ಯಾರಿಗಯ್ಯಾ ಕೆಮ್ಮು? ನನ್ನ ಆನೆ ಹುಟ್ಟಿದಾಗಿಂದ ಒಂದ್ಸಲ ಸೀನಿಲ್ಲ! ಬನ್ನಿ ಸ್ವಾಮಿ, ನಾನೇ ತೋರಿಸ್ತೀನಿ."

ಗುಮಾಸ್ತ ಗೂಡಿನಿಂದ ಹಾರಿ ಬಂದು ಅವನ ಕಾಲು ತುಳಿದ. ಮಾವುತ ಆನೆಗಿಂತ ಜೋರಾಗಿ ಕಿರುಚಿದ.

"ನೋಡಿ, ಇವನಿಗೂ ಅಂಟಿದೆ!" ಸುಳ್ಳಿಗೆ ಕೈಕಾಲು ಬಂದ ಮೇಲೆ ಹಿಡಿಯುವವರು ಯಾರು? "ಪ್ರಾಣಿಯಿಂದ ಜನಕ್ಕೆ ಹರಡೋ ಜ್ವರ ಸ್ವಾಮಿ. ಮೊದಲು ಮೈ ನಡುಕ, ಆಮೇಲೆ ಕಣ್ಣು ಮಂಜು."

ಗುಡಿಸುವವಳು ಜಾಣೆ. "ದೂರ ನಿಲ್ಲಿ ಅಣ್ಣಾ! ನಿನ್ನೆ ಮಂಗ ಸೀನ್ತು, ಇವತ್ತು ನಾನು" ಎಂದವಳೇ ಅವನ ಮುಖಕ್ಕೇ "ಆಕ್ಷೀ!" ಎಂದಳು.

ಆಸಾಮಿ ಕೊಡೆಯನ್ನು ಅಲ್ಲೇ ಎಸೆದು ಕಾಲಿಗೆ ಬುದ್ಧಿ ಹೇಳಿದ. ಗಂಟೆ ಹೊಡೆಯಿತು, ಗೇಟಿಗೆ ಬೀಗ ಬಿತ್ತು. ಮಾವುತ ಕಾಲು ನೋವು ಮರೆತು ಗುಮಾಸ್ತನನ್ನು ಹೆಗಲ ಮೇಲೆ ಹೊತ್ತು ಕುಣಿದ. ಯುದ್ಧ ಗೆದ್ದ ಅರಸನಿಗೂ ಅಂಥ ಮೆರವಣಿಗೆ ಸಿಕ್ಕಿರಲಾರದು.

ಗುಮಾಸ್ತ ಕೆಸರು ಹಾರಿಸುತ್ತಾ ಬಸ್ ನಿಲ್ದಾಣಕ್ಕೆ ಓಡಿದ. ಬಸ್ಸು ಇನ್ನೂ ನಿಂತಿತ್ತು! ಅತ್ತೆಯೂ ನಿಂತಿದ್ದರು. ಅವನು ಒಂದೇ ಉಸಿರಿಗೆ ಪೆಟ್ಟಿಗೆಯನ್ನು ಬಸ್ಸಿನ ಮೇಲೇರಿಸಿ, ಮೇಲಿಂದಲೇ ಎದೆಯುಬ್ಬಿಸಿ ಕೂಗಿದ: "ಹತ್ತಿ ಅತ್ತೆ, ಹತ್ತಿ!"

"ಹತ್ತಿ ಏನ್ಮಾಡ್ಲಿ? ಓಡಿಸೋರು ಯಾರು?"

ಅತ್ತೆ ಬೆಂಚಿನತ್ತ ಬೆರಳು ತೋರಿಸಿದರು. ಡ್ರೈವರ್ ಕಂಬಳಿ ಹೊದ್ದು ಗಡಗಡ ನಡುಗುತ್ತಾ ಮಲಗಿದ್ದ. ಕಂಬಳಿಯ ಹೊರಗೆ ಅದೇ ಒದ್ದೆ ಮೀಸೆ.

"ಬಸ್ ಹೊರಡೋಕೆ ಹೊತ್ತಿದೆ ಅಂತ, ಪಾಪ, ಪ್ರಾಣಿ ನೋಡೋಕೆ ಹೋಗಿದ್ನಂತೆ. ಆನೆ ಜ್ವರ ಅಂಟಿದ್ಯಂತೆ. ಕಣ್ಣು ಮಂಜು, ಸ್ಟೇರಿಂಗ್ ಮುಟ್ಟಲ್ಲ ಅಂತಾನೆ."

ಗುಮಾಸ್ತ ಬಸ್ಸಿನ ಮೇಲಿಂದ ಬಗ್ಗಿ ಗೋಗರೆದ. "ಅತ್ತೆ, ಅಂಥ ಜ್ವರ ಏನೂ..."

"ಸುಮ್ನಿರಿ! ದಿನಾ ಅಲ್ಲೇ ಕೂರೋ ನಿಮ್ಮ ಗತಿ ಏನು? ಮುಖ ಆಗ್ಲೇ ಬಿಳುಚಿಕೊಂಡಿದೆ. ನಿಮಗೆ ಪೂರ್ತಿ ವಾಸಿ ಆಗೋವರೆಗೂ ನಾನು ಕದಲೋಳಲ್ಲ, ಅಳಿಯಂದ್ರೇ. ಪೆಟ್ಟಿಗೆ ಇಳಿಸಿ!"