ಆಳುವವರಿಲ್ಲದ ಗ್ರಹ ಮತ್ತು ಹಣ್ಣಾದ ಹುಳು

ಆಳುವವರೇ ಇಲ್ಲದ ಲೋಕವನ್ನು ಕಲ್ಪಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಮನೆಯಲ್ಲಿ ರೇಷ್ಮೆಹುಳು ಸಾಕಿರುವ ಗಂಡಸಿಗೆ ಮಾತ್ರ ಗೊತ್ತು. ನಾನು ಮಾಗಡಿಯ ಶಾಲೆಯೊಂದರಲ್ಲಿ ಮೇಷ್ಟ್ರು. ಬಸ್ಸಿನಲ್ಲಿ ಹೋಗಿಬರುವಾಗ ಹೊತ್ತು ಹೋಗಲೆಂದು ಒಂದು ವೈಜ್ಞಾನಿಕ ಕಾದಂಬರಿ ಬರೆಯಲು ಕೈಹಾಕಿದ್ದೆ. ಅದರಲ್ಲಿ ಎರಡು ಗ್ರಹಗಳು. ಒಂದರಲ್ಲಿ ಮಹಾರಾಣಿಯ ಅಪ್ಪಣೆಯಿಲ್ಲದೆ ಯಾರೂ ಸೀನುವಂತಿಲ್ಲ. ಇನ್ನೊಂದರಲ್ಲಿ ರಾಜನಿಲ್ಲ, ಪೊಲೀಸಿಲ್ಲ, ಹೆಡ್‌ಮಾಸ್ಟರಂತೂ ಇಲ್ಲವೇ ಇಲ್ಲ.

ಮೊದಲ ಗ್ರಹ ಸಲೀಸಾಗಿ ಬಂತು, ಯಾಕೆಂದರೆ ನಾನು ವಾಸವಿದ್ದದ್ದೇ ಅಲ್ಲಿ. ನಮ್ಮೂರಿನ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿದ್ದ ಕಾಲ ಅದು. ನನ್ನ ಹೆಂಡತಿ ಜಯಮ್ಮ ನಡುಮನೆಯನ್ನೇ ಹುಳುಮನೆ ಮಾಡಿಕೊಂಡಿದ್ದಳು. ವಾಸನೆ ಹುಳುವಿಗಾಗದೆಂದು ಒಗ್ಗರಣೆ ಬಂದ್, ಊದುಬತ್ತಿ ಬಂದ್, ನನ್ನ ಮುಖದ ಪೌಡರೂ ಬಂದ್. ಹುಳು ಜ್ವರಕ್ಕೆ ಕೂತರೆ, ಅಂದರೆ ಪೊರೆ ಕಳಚಲು ಮೇವು ಬಿಟ್ಟರೆ, ನಾವೂ ಪಿಸುಮಾತಿನಲ್ಲೇ ಸಂಸಾರ ಮಾಡಬೇಕು. ಕೆಮ್ಮಿದ ತಪ್ಪಿಗೆ ನನ್ನನ್ನೂ ನನ್ನ ಕಾದಂಬರಿಯನ್ನೂ ದನದ ಕೊಟ್ಟಿಗೆಗೆ ಗಡೀಪಾರು ಮಾಡಲಾಗಿತ್ತು. ಎರಡನೆಯ ಗ್ರಹ ಮಾತ್ರ ಏನು ಮಾಡಿದರೂ ಮುಂದಕ್ಕೆ ಹೋಗಲಿಲ್ಲ. ಹೇಳುವವರೇ ಇಲ್ಲದಿದ್ದರೆ ಜನ ಯಾಕೆ ಕೆಲಸ ಮಾಡುತ್ತಾರೆ? ಅಲ್ಲಿನ ಪ್ರಜೆಗಳು ಪುಟಗಟ್ಟಲೆ ಆಕಳಿಸುತ್ತಾ ಕೂತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಜಯಮ್ಮ ಕೊಟ್ಟಿಗೆಗೆ ಓಡಿಬಂದಳು. "ಏಳ್ರೀ, ನಾಳೆ ಅಂದ್ಕಂಡಿದ್ದೆ, ಎಲ್ಲಾ ಒಟ್ಗೇ ಹಣ್ಣಾಗ್ಬುಟ್ಟೈತೆ!"

ಹುಳು ಹಣ್ಣಾಗುವುದೆಂದರೆ ಮೈ ಹೊಳೆದು ನೂಲು ಬಿಡಲು ತಯಾರಾಗುವುದು. ಆಗಿಂದಾಗಲೇ ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ಗೂಡು ಸುತ್ತಿ ಇಡೀ ಬೆಳೆ ಹಾಳು. ಇಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ತಿಂಗಳಿಡೀ ನಿದ್ದೆಗೆಟ್ಟು ಸಾಕಿದವಳ ಕಣ್ಣಲ್ಲಿ ನೀರು ತುಂಬಿತ್ತು.

ಅಷ್ಟರಲ್ಲಿ ಪಕ್ಕದ ಮನೆ ನಿಂಗಮ್ಮ ಒಲೆ ಆರಿಸಿಯೇ ಬಂದಳು. ಅವಳ ಹಿಂದೆ ಬೀದಿಗೆ ಬೀದಿಯೇ ಬಂತು. ಕರೆದವರಿಲ್ಲ, ಕೂಲಿ ಮಾತಾಡಿದವರಿಲ್ಲ. ಅವರ ಮನೆಯಲ್ಲಿ ಹಣ್ಣಾದ ದಿನ ನಾವು ಹೋಗಬೇಕು, ಅಷ್ಟೇ. ಇದನ್ನೇ ಮುಯ್ಯಾಳು ಎನ್ನುತ್ತೇವೆ. ಕೊನೆಗೆ ಎದುರುಮನೆ ಪುಟ್ಟಮ್ಮನೂ ಬಂದಳು. ಅವಳ ಎಮ್ಮೆ ನಮ್ಮ ಹಿಪ್ಪುನೇರಳೆಗೆ ನುಗ್ಗಿದ ದಿನದಿಂದ ಜಯಮ್ಮನಿಗೂ ಅವಳಿಗೂ ಮಾತಿಲ್ಲ. ಹಾಗಿದ್ದೂ ಜಯಮ್ಮನ ಎದುರಿಗೇ ಕೂತು, ಮುಖ ಎತ್ತದೆ ಹುಳು ಆರಿಸತೊಡಗಿದಳು.

ನಾನು ಬಾಗಿಲಲ್ಲಿ ನಿಂತೇ ಬಿಟ್ಟೆ. ಒಂದು ಅಪ್ಪಣೆಯಿಲ್ಲ, ಒಂದು ಪ್ರಶ್ನೆಯಿಲ್ಲ. ತಟ್ಟೆಗಳು ಕೈಯಿಂದ ಕೈಗೆ ದಾಟುತ್ತಿವೆ, ಚಂದ್ರಿಕೆಗಳು ತುಂಬಿ ಅಂಗಳಕ್ಕೆ ಬರುತ್ತಿವೆ. ಮೊದಲು ತುಂಬಿದ್ದರಲ್ಲಿ ಆಗಲೇ ಹುಳುಗಳು ತಲೆಯಾಡಿಸುತ್ತಾ ಕಣ್ಣಿಗೆ ಕಂಡೂ ಕಾಣದ ಎಳೆ ಬಿಡುತ್ತಿದ್ದವು. ನಾನು ನಕ್ಷತ್ರಗಳಾಚೆ ಹುಡುಕುತ್ತಿದ್ದ ಗ್ರಹ, ನಮ್ಮ ಮಹಾರಾಣಿಯ ನಡುಮನೆಯಲ್ಲೇ ಬಂದು ಇಳಿದಿತ್ತು! ಒಂದು ದೊಡ್ಡ ಮಾತು ಆಡಬೇಕೆನ್ನಿಸಿ ಗಂಟಲು ಸರಿಮಾಡಿಕೊಂಡೆ.

ಪುಟ್ಟಮ್ಮ ಆಗ ತಲೆಯೆತ್ತಿದಳು. "ಅಮ್ಮಿ ಜಯಮ್ಮ, ನಿನ್ ಗಂಡನ್ನ ಒಸಿ ಆಚೆ ಕಳ್ಸು. ಬಾಗ್ಲಿಗೆ ಅಡ್ಡ ನಿಂತವ್ರೆ, ಬೆಳ್ಕೇ ಬತ್ತಿಲ್ಲ."

ವರ್ಷದ ಮೇಲೆ ಆಡಿದ ಮೊದಲ ಮಾತು. ಜಯಮ್ಮ ಅವಳನ್ನೇ ನೋಡಿದಳು, ಆಮೇಲೆ ಕಣ್ಣೊರೆಸಿಕೊಂಡು ನಕ್ಕಳು. "ನಂಗೂ ಇದೇ ಗೋಳು ಕಣಕ್ಕ," ಎಂದಳು. ಇಬ್ಬರೂ ನನ್ನ ಮೇಲೆ ದೂರು ಹೇಳಿಕೊಳ್ಳುತ್ತಾ ಸಂಜೆಯವರೆಗೆ ಹುಳು ಆರಿಸಿದರು. ಒಂದು ಹುಳುವೂ ಹಾಳಾಗಲಿಲ್ಲ.

ನಾನು ಕೊಟ್ಟಿಗೆಗೆ ಹೋಗಿ ಎರಡನೆಯ ಗ್ರಹವನ್ನು ಮುಗಿಸಿದೆ. ಅಲ್ಲಿ ಯಾರೂ ಯಾರನ್ನೂ ಆಳುವುದಿಲ್ಲ. ಎಲ್ಲರೂ ಸೇರಿ ಆಚೆ ಕಳಿಸುವುದಕ್ಕೆಂದು ಒಬ್ಬ ಲೇಖಕನನ್ನು ಮಾತ್ರ ಇಟ್ಟುಕೊಂಡಿದ್ದಾರೆ.