ಊಟದ ಮೇಜಿನ ಕಡಲ್ಗಳ್ಳರು

ಬೇರೆಯವರ ಮನೆಗೆ ಭಾನುವಾರ ನೆಂಟರು ಬರುತ್ತಾರೆ, ಊಟ ಮಾಡುತ್ತಾರೆ, ಹೋಗುತ್ತಾರೆ. ನಮ್ಮ ಮನೆಗೆ ಬಂದವರ ಹಡಗು ಮುಳುಗುತ್ತದೆ. ಎಷ್ಟೇ ಮರ್ಯಾದೆಯಿಂದ ಶುರುವಾದರೂ ಸಂಜೆಯ ಹೊತ್ತಿಗೆ ಯಾರೋ ಒಬ್ಬರು ಎದ್ದು ನಿಂತು ಇನ್ನೊಬ್ಬರನ್ನು ಕಳ್ಳ ಎಂದಿರುತ್ತಾರೆ.

ಇದಕ್ಕೆಲ್ಲ ಕಾರಣ ಒಂದು ರಟ್ಟಿನ ಪೆಟ್ಟಿಗೆ. ವಿಶಾಖಪಟ್ಟಣದ ಹತ್ತಿರದ ಪರವಾಡದ ಔಷಧ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸಕ್ಕಿದ್ದ ದಾವಣಗೆರೆಯ ಹುಡುಗಿಯೊಬ್ಬಳು ಕೆಲಸ ಬಿಟ್ಟು ಊರಿಗೆ ಹೊರಟಾಗ, "ಮೇಡಂ, ಲಗೇಜು ಜಾಸ್ತಿಯಾಯ್ತು, ಇದನ್ನ ನೀವಿಟ್ಕೊಳ್ಳಿ" ಅಂತ ಕೊಟ್ಟು ಹೋದಳು. ಒಳಗೆ ಸಮುದ್ರದ ಚಿತ್ರವಿದ್ದ ಒಂದು ಹಾಸು, ಬೆರಳುದ್ದದ ಮರದ ಹಡಗುಗಳು, ಒಂದಷ್ಟು ಕಾರ್ಡು, ನಿಯಮಗಳ ಒಂದು ಪುಟ್ಟ ಪುಸ್ತಕ. ಆಟ ಸುಲಭ. ಆಡುವವರೆಲ್ಲ ಕಡಲ್ಗಳ್ಳರು. ಪ್ರತಿಯೊಬ್ಬರೂ ತಮ್ಮ ಹಡಗಿನ ಕೆಳಗೆ ಒಂದು ಕಾರ್ಡನ್ನು ಬೋರಲು ಇಡಬೇಕು: ಉಪ್ಪು, ಇಲ್ಲವೇ ಚಿನ್ನ. ದಾರಿಯಲ್ಲಿ ಎದುರಾದವರು "ಏನಿದೆ?" ಎಂದು ಕೇಳುತ್ತಾರೆ. ನಿಜ ಹೇಳಬಹುದು, ಸುಳ್ಳೂ ಹೇಳಬಹುದು. ಅವರು ನಂಬಿದರೆ ನೀವು ಪಾರು, ದ್ವೀಪ ಮುಟ್ಟಿದರೆ ಸರಕು ನಿಮ್ಮದೇ. "ತೆಗಿ" ಎಂದರೆ ಕಾರ್ಡು ತಿರುಗಿಸಬೇಕು. ಚಿನ್ನವಿದ್ದರೆ ಅವರ ಪಾಲು. ಉಪ್ಪಿದ್ದರೆ, ಸುಮ್ಮನೆ ಅನುಮಾನಪಟ್ಟ ತಪ್ಪಿಗೆ ಅವರ ಹಡಗಿನ ಒಂದು ಹಾಯಿ ಹೋಯಿತು. ಮೂರು ಹಾಯಿ ಹೋದರೆ ಹಡಗೇ ಹೋಯಿತು.

ನನಗೆ ಆಟದ ಹುಚ್ಚೇನಿರಲಿಲ್ಲ. ಇದ್ದದ್ದು ಬೇರೆ ಚಿಂತೆ. ನಾನು ಹುಬ್ಬಳ್ಳಿಯವಳು, ಗಂಡ ನನ್ನಿಂದಲೇ ಕನ್ನಡ ಕಲಿತ ವಿಜಯವಾಡದವರು, ಸಂಸಾರ ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ. ಹದಿಮೂರರ ಮಗಳ ಕನ್ನಡ ವರ್ಷದಿಂದ ವರ್ಷಕ್ಕೆ ಒಗೆದ ಬಟ್ಟೆಯ ಹಾಗೆ ಕುಗ್ಗುತ್ತ ಬಂದು "ಆಯ್ತು", "ಬೇಡ", "ಹಸಿವಿಲ್ಲ" ಎನ್ನುವಲ್ಲಿಗೆ ನಿಂತಿತ್ತು. ಹುಬ್ಬಳ್ಳಿಯಿಂದ ನನ್ನ ಅವ್ವ ಫೋನ್ ಮಾಡಿದರೆ ಅಜ್ಜಿ ಮೊಮ್ಮಗಳ ಮಾತು ಅರ್ಧ ನಿಮಿಷ. "ಊಟಾ ಆತೇನ?" "ಆಯ್ತು." "ಛಲೋ ಓದವಾ." "ಆಯ್ತು." ಆಮೇಲೆ ಫೋನು ನನ್ನ ಕೈಗೆ. ಇನ್ನೆರಡು ವರ್ಷಕ್ಕೆ ಆ ಅರ್ಧ ನಿಮಿಷವೂ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೇ ಪುಸ್ತಕದಲ್ಲಿಲ್ಲದ ಒಂದು ನಿಯಮ ನಾನೇ ಸೇರಿಸಿದೆ: ಈ ಮೇಜಿನಲ್ಲಿ ಕನ್ನಡ ಮಾತ್ರ.

ಬೆಳೆಸಿದ ರೀತಿ

ಮೊದಲ ಸಲ ಆಡಿದ್ದು ನಾವು ಮೂವರೇ. ಮಗಳ ಹಡಗನ್ನು ನನ್ನ ಗಂಡ ತಡೆದು "ಏನಿದೆ?" ಅಂದರು. "ಉಪ್ಪು" ಅಂದಳು. ಅವರು "ತೆಗಿ" ಅಂದರು. ಉಪ್ಪೇ ಇತ್ತು, ಇವರ ಹಾಯಿ ಹೋಯಿತು.

ಮುಂದಿನ ಸುತ್ತಿನಲ್ಲಿ ನಾನು ತಡೆದೆ. "ನಿಜಂಗಾ ಅಮ್ಮಾ, ಒಟ್ಟು! ನಾ ದಗ್ಗರ ಬಂಗಾರಂ ಎಕ್ಕಡಿದಿ?" ಅಂತ ತೆಲುಗಿನಲ್ಲಿ ಆಣೆ ಇಟ್ಟು, ತನ್ನ ಹತ್ತಿರ ಚಿನ್ನ ಎಲ್ಲಿಂದ ಬರಬೇಕು ಎಂದು ನನ್ನನ್ನೇ ಕೇಳಿದಳು. ನಾನು "ತೆಗಿ" ಅಂದೆ. ಚಿನ್ನ.

ಆರು ಸುತ್ತು ಹೀಗೇ. ನಿಜವಿದ್ದರೆ ಕನ್ನಡ, ಸುಳ್ಳು ಬಂದ ಕೂಡಲೇ ತೆಲುಗು. ತಪ್ಪು ಅವಳದ್ದಲ್ಲ. ನಿಜಕ್ಕೆ ಒಂದು ಮಾತು ಸಾಕು. ಸುಳ್ಳಿಗೆ ಹಿಂದೊಂದು ಮುಂದೊಂದು ಮಾತು ಬೇಕು, ದನಿ ಏರಿಳಿಯಬೇಕು, ಒಂಚೂರು ಮುನಿಸು ಬೇಕು. ನಾನು ಅವಳಿಗೆ ಕೊಟ್ಟ ಕನ್ನಡದಲ್ಲಿ ಅಷ್ಟೆಲ್ಲ ಸಾಮಾನಿರಲಿಲ್ಲ.

"ಕನ್ನಡದಲ್ಲೇ ಹೇಳಬೇಕು!" ಅಂತ ಗದರಿದೆ. ಮುಂದಿನ ಸಲ ಅವಳು ಬಹಳ ಹೊತ್ತು ಯೋಚಿಸಿದಳು, ತುಟಿ ಕಚ್ಚಿದಳು, ಕೊನೆಗೆ ಸೋತು, "ಚಿನ್ನ" ಅಂದಳು.

ನನ್ನ ಗಂಡ ಅವಳ ಚಿನ್ನ ಎತ್ತಿಕೊಳ್ಳುತ್ತ ಅಂದರು: "ಮಕ್ಕಳು ಸುಳ್ಳು ಹೇಳದ ಹಾಗೆ ಬೆಳೆಸೋಕೆ ಜನ ಏನೇನೋ ಕಷ್ಟಪಡ್ತಾರೆ. ನೀನು ಭಾಷೆ ಕಲಿಸದೇ ಸಾಧಿಸಿಬಿಟ್ಟೆ."

ಎಷ್ಟು ಸೆಂಟಿಮೀಟರು?

ಮನೆಯಲ್ಲಿ ನನ್ನೊಬ್ಬಳ ಕನ್ನಡ ಕೇಳಿದರೆ ಸಾಲದು ಅನ್ನಿಸಿತು. ಕಾರ್ಖಾನೆಯಲ್ಲಿ ನಮ್ಮ ಕಡೆಯ ಹುಡುಗರು ಇದ್ದೇ ಇರುತ್ತಾರೆ, ವರ್ಷ ಎರಡು ವರ್ಷಕ್ಕೆ ಬಂದು ಹೋಗುವವರು. ಅಂಥ ಇಬ್ಬರನ್ನು ಊಟಕ್ಕೆ ಕರೆದೆ. ಇಬ್ಬರೂ ಗುಣಮಟ್ಟ ತಪಾಸಣೆ ವಿಭಾಗದವರು. ಕರೆಯುವ ಮೊದಲು ಅದನ್ನು ಯೋಚಿಸಬೇಕಿತ್ತು.

ಅವರಲ್ಲಿ ದೊಡ್ಡವನು ಆಟದ ಪುಸ್ತಕವನ್ನು ಪೆನ್ನು ಹಿಡಿದು ಓದಿದ. "ಮೇಡಂ, ನಾಲ್ಕನೇ ಪುಟದಲ್ಲಿ 'ಎರಡು ಹಡಗು ಹತ್ತಿರ ಬಂದಾಗ' ಅಂತಿದೆ. ಹತ್ತಿರ ಅಂದ್ರೆ ಎಷ್ಟು ಸೆಂಟಿಮೀಟರು?"

"ಹತ್ತಿರ ಅಂದ್ರೆ ಹತ್ತಿರ ಕಣಪ್ಪ."

"ಹಾಗಂದ್ರೆ ಹೇಗೆ ಮೇಡಂ? ನಾಳೆ ಯಾರಾದ್ರೂ ಕೇಳಿದ್ರೆ?"

ಕಡಲ್ಗಳ್ಳರನ್ನು ಯಾರು ಕೇಳುತ್ತಾರೋ ನನಗೆ ತಿಳಿಯಲಿಲ್ಲ. ಮಗಳ ಕಂಪಾಸು ಪೆಟ್ಟಿಗೆಯಿಂದ ಸ್ಕೇಲು ಬಂತು. ಚಿಕ್ಕವನು ಅದನ್ನು ಬೆಳಕಿಗೆ ಹಿಡಿದು, ತುದಿ ಸವೆದಿದೆ, ಒಂದರಿಂದ ಅಳೆಯೋಣ ಅಂದ. ಕೊನೆಗೆ ಮೂರು ಸೆಂಟಿಮೀಟರಿನಲ್ಲಿ ನನ್ನ ಗಂಡನ ಹಡಗು ಸಿಕ್ಕಿಬಿದ್ದು ಚಿನ್ನ ಕಳೆದುಕೊಂಡಿತು. ದೊಡ್ಡವನು ಒಂದು ಹಾಳೆಯಲ್ಲಿ ಗೆರೆ ಎಳೆದು ಮುಂದಿಟ್ಟ: ಲೂಟಿ ಮಾಡಿದವರ ಸಹಿ, ಲೂಟಿಯಾದವರ ಸಹಿ, ನೋಡಿದವರ ಸಹಿ.

"ಬರೆದಿಡದೇ ಇದ್ರೆ ಅದು ನಡೆದೇ ಇಲ್ಲ ಅಂತ ಅರ್ಥ ಸಾರ್," ಅಂದ.

"ಇಷ್ಟು ಸಹಿ ಹಾಕೋದಾದ್ರೆ ಕೇಳಿದ್ರೆ ನಾನೇ ಕೊಡ್ತಿದ್ದೆ," ಅಂದರು ನನ್ನ ಗಂಡ.

ನಾನು ಅಡುಗೆಮನೆಯಲ್ಲಿದ್ದಾಗಲೆಲ್ಲ ಹೊರಗಿನಿಂದ ನಗು ಕೇಳುತ್ತಿತ್ತು. ಕನ್ನಡ ನಡೆಯುತ್ತಿದೆ ಅಂದುಕೊಂಡೆ. ಹೋಗುವಾಗ ಚಿಕ್ಕವನು ಕೈಮುಗಿದ: "ತುಂಬ ಉಪಕಾರ ಆಯ್ತು ಮೇಡಂ. ಆರು ತಿಂಗಳಿಂದ ಬರದ ತೆಲುಗು ನಿಮ್ಮ ಮಗಳು ಒಂದೇ ಮಧ್ಯಾಹ್ನದಲ್ಲಿ ಕಲಿಸಿಬಿಟ್ಟಳು."

ಮನೆಮಗಳ ಪಾಲು

ಹಬ್ಬದ ರಜೆಗೆ ವಿಜಯವಾಡಕ್ಕೆ ಹೋದಾಗ ಪೆಟ್ಟಿಗೆ ನಮ್ಮ ಜೊತೆ ಬಂತು. ಅತ್ತೆಯ ಮನೆಯಲ್ಲಿ ನನ್ನ ಕನ್ನಡದ ನಿಯಮ ನಡೆಯುವುದಿಲ್ಲ. ಅದನ್ನು ರೈಲಿನಲ್ಲೇ ಬಿಟ್ಟು ಇಳಿದೆ.

ಆಟದಲ್ಲಿ ಇನ್ನೊಂದು ಘಟ್ಟವಿದೆ. ಎಲ್ಲರೂ ಸೇರಿ ಒಂದು ದೊಡ್ಡ ವ್ಯಾಪಾರಿ ಹಡಗನ್ನು ಹಿಡಿದರೆ, ನಾಯಕನಾದವನು ಕೊಳ್ಳೆಯನ್ನು ಹಂಚಬೇಕು. ತನಗೇ ಜಾಸ್ತಿ ಇಟ್ಟುಕೊಳ್ಳಬೇಕು, ಆದರೆ ಮಿಕ್ಕವರು ರೊಚ್ಚಿಗೆದ್ದು ಸಮುದ್ರಕ್ಕೆ ನೂಕುವಷ್ಟಲ್ಲ. ಅದೇ ಅದರ ಮಜಾ. ಆವತ್ತು ನಾಯಕಿಯಾದವರು ನಮ್ಮ ಅತ್ತೆ.

ಅವರು ಕನ್ನಡಕ ಹಾಕಿಕೊಂಡು ಕೊಳ್ಳೆಯನ್ನೆಲ್ಲ ಮುಂದಿಟ್ಟುಕೊಂಡರು. ಅರ್ಧಕ್ಕಿಂತ ಹೆಚ್ಚನ್ನು ತೆಗೆದು, ಆಟವನ್ನೇ ಆಡದೆ ಸೋಫಾದಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿದ್ದ ನನ್ನ ನಾದಿನಿಯ ಮಡಿಲಿಗೆ ಹಾಕಿದರು. ನಾದಿನಿಯನ್ನು ಮಂಗಳಗಿರಿಗೆ ಕೊಟ್ಟಿದೆ, ಆವತ್ತು ತವರಿಗೆ ಬಂದಿದ್ದಳು.

"ಅತ್ತಯ್ಯಾ, ಅವಳಿಗೆ ಹಡಗೇ ಇಲ್ಲ!" ಅಂದೆ.

ಅತ್ತೆ ತೆಲುಗಿನಲ್ಲಿ ಅಂದದ್ದು ಇಷ್ಟು: "ಇಲ್ಲದಿದ್ರೇನು? ನಾವು ಕಳ್ಳತನ ಮಾಡೋರಾದ್ರೂ, ಹಬ್ಬಕ್ಕೆ ಬಂದ ಮನೆಮಗಳನ್ನ ಬರಿಗೈಲಿ ಕಳಿಸೋರಲ್ಲ."

ದಂಗೆ ಏಳಬಹುದಿತ್ತು. ಆದರೆ ಯಾರು ಏಳುತ್ತಾರೆ? ಮಾವ ಆಗಲೇ ತಮ್ಮ ಪಾಲಿನ ಚಿನ್ನವನ್ನೂ ಎತ್ತಿ ಮಗಳ ಕಡೆ ಸರಿಸುತ್ತಿದ್ದರು, ಅಳಿಯಂದಿರಿಗೆ ಅಂತ.

ಕಣಕ

ಆ ವರ್ಷದ ಬೇಸಿಗೆಗೆ ನನ್ನ ಅವ್ವ ವಿಶಾಖಪಟ್ಟಣಕ್ಕೆ ಬಂದಳು. ಎರಡು ವಾರ. ಮೊದಲೆರಡು ದಿನ ಅಜ್ಜಿ ಮೊಮ್ಮಗಳು ಎದುರುಬದುರು ಕೂತು ಒಬ್ಬರಿಗೊಬ್ಬರು ನಕ್ಕರು, ಅಷ್ಟೇ. ನೋಡಲಾಗದೆ ಪೆಟ್ಟಿಗೆ ತೆಗೆದೆ. ದಿನಾ ಎರಡು ಹೊತ್ತು ಪೂಜೆ ಮಾಡುವ ಅವ್ವ ಈ ಕಳ್ಳರಾಟಕ್ಕೆ ಒಪ್ಪುತ್ತಾಳೋ ಇಲ್ಲವೋ ಎಂಬ ಅಳುಕೂ ಇತ್ತು.

ಎರಡನೇ ಸುತ್ತಿನಲ್ಲಿ ಅವಳ ಹಡಗು ತಡೆದೆ. "ಏನೈತಿ ಅವ್ವಾ?"

"ನನ್ನ ಕಡೆ ಏನಿರತೈತಿ ಯವ್ವಾ. ಮುಂಜಾನಿಂದ ಮೊಣಕಾಲ ಹಿಡದಾವು, ಈ ಹಡಗ ದೂಡೂದ ಒಂದ ದೊಡ್ಡದಾಗೇತಿ. ಉಪ್ಪ ಐತಿ. ಬೇಕಂದ್ರ ತಗದ ನೋಡು. ನಿನ್ನ ಮನಿ, ನಿನ್ನ ಮೇಜು, ನಾ ಏನ್ ಹೇಳ್ಲಿ."

ಇಷ್ಟಾದ ಮೇಲೆ "ತೆಗಿ" ಅನ್ನುವ ಮಗಳು ಯಾರು? ಬಿಟ್ಟೆ. ಅವ್ವ ದ್ವೀಪ ಮುಟ್ಟಿ ಕಾರ್ಡು ತಿರುಗಿಸಿದಳು. ಚಿನ್ನ.

"ಅವ್ವಾ! ಇಷ್ಟ ಪೂಜಿ ಮಾಡಾಕಿ, ಹಿಂಗ ಸುಳ್ಳ ಹೇಳೂದಾ?"

"ಮೊಣಕಾಲ ಹಿಡದದ್ದು ಖರೇನ ಐತಿ," ಅಂದಳು ಅವ್ವ.

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅಜ್ಜಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಅಮ್ಮಮ್ಮಾ, ಹೇಗೆ?" ಅಂದಳು.

"ಹೋಳಿಗಿ ತಿಂತಿಯಲ್ಲ? ಸುಳ್ಳು ಹೂರಣ ಇದ್ದಂಗ. ಹೊರಗ ಖರೇದ ಕಣಕ ಬೇಕು. ಬರೇ ಹೂರಣ ಹಂಚಿನ ಮ್ಯಾಲ ಹಾಕಿದ್ರ ಹೊತ್ತ ಹೋಗತೈತಿ."

ರಜೆಯ ದಿನಗಳು, ಇಬ್ಬರೂ ಹಡಗು ಹರವಿಕೊಂಡು ಕೂತೇ ಇರುತ್ತಿದ್ದರು. ಕಣಕಕ್ಕೆ ಮಾತು ಬೇಕಲ್ಲ, ಮಗಳು ಒಂದೊಂದಾಗಿ ಕೇಳಿ ತೆಗೆದುಕೊಳ್ಳುತ್ತಿದ್ದಳು. "ಅಮ್ಮಮ್ಮಾ, 'ಪಾಪ' ಎಲ್ಲಿ ಹಾಕೋದು?" "ಎಲ್ಲಾ ಕಡೆ ಹಾಕು, ಯಾರೂ ಬ್ಯಾಡ ಅನ್ನೂದಿಲ್ಲ."

ಅವ್ವ ಹೊರಡುವ ಹಿಂದಿನ ದಿನ ನಾನು ಮಗಳ ಹಡಗು ತಡೆದೆ. ಅವಳು ನನ್ನ ಮುಖವನ್ನೇ ನೋಡಿದಳು. "ಅಮ್ಮಾ, ಬಸ್ಸಿನಾಗ ನಿಂತ ಬಂದಿ, ಪಾಪ. ದಣದಾಕಿ ಮುಂದ ನಾ ಯಾಕ ಸುಳ್ಳ ಹೇಳ್ಲಿ? ಉಪ್ಪ ಐತಿ ನೋಡು."

ಒಂದೇ ಒಂದು ತೆಲುಗು ಮಾತಿಲ್ಲ. ನಾನು ನಂಬಿದೆ, ನನ್ನ ಕಣ್ಣೆದುರೇ ಚಿನ್ನ ದಾಟಿ ಹೋಯಿತು. ಕುಕ್ಕರ್ ನೋಡಿ ಬರುತ್ತೇನೆಂದು ಒಳಗೆ ಹೋದೆ. ಒಲೆಯ ಮೇಲೆ ಕುಕ್ಕರ್ ಇರಲಿಲ್ಲ.

ಖಾಲಿ ಪುಸ್ತಕ

ಶಾಲೆ ಶುರುವಾಯಿತು. ಅಜ್ಜಿಯ ಫೋನು ಈಗ ಅರ್ಧ ನಿಮಿಷದ್ದಲ್ಲ, ಅರ್ಧ ಗಂಟೆಯದ್ದು. ನಾನು ಕಂಪನಿ ಬಸ್ಸಿಳಿದು ಬಂದ ಕೂಡಲೇ ಕೇಳುತ್ತಿದ್ದೆ, "ಟ್ಯೂಷನ್ ಲೆಕ್ಕ ಮಾಡಿದ್ಯಾ?"

"ಆಗಲೇ ಮುಗಿಸೇನವಾ. ಒಂದ ಲೆಕ್ಕ ಭಾಳ ಕಾಡಿತ್ತು, ನಾನೂ ಬಿಡಲಿಲ್ಲ."

ಎಂಥ ಕನ್ನಡ! ನಾನು ಚಹಾ ಕುಡಿಯುತ್ತ ಅದನ್ನು ಮನಸ್ಸಿನಲ್ಲೇ ಇನ್ನೆರಡು ಸಲ ಕೇಳಿಕೊಳ್ಳುತ್ತಿದ್ದೆ. ಒಂದು ದಿನ ಟ್ಯೂಷನ್ ಸೆಂಟರಿನ ಲೆಕ್ಕದ ಮೇಷ್ಟ್ರು ಬರಹೇಳಿದರು. ತೆಲುಗಿನವರು, ಮೆತ್ತಗಿನ ಮಾತು.

"ಮೂರು ವಾರದಿಂದ ನಿಮ್ಮ ಹುಡುಗಿ ಮನೆಯಲ್ಲಿ ಒಂದು ಲೆಕ್ಕವನ್ನೂ ಮಾಡಿಲ್ಲ ಅಮ್ಮಾ."

"ಸಾಧ್ಯವೇ ಇಲ್ಲ ಸಾರ್. ಮಾಡಿದೆ ಅಂತ ದಿನಾ ನನಗೆ ಹೇಳ್ತಾಳೆ."

"ಎಲ್ಲ ಮಕ್ಕಳೂ ಹೇಳ್ತಾರಮ್ಮಾ."

"ಇವಳು ಕನ್ನಡದಲ್ಲಿ ಹೇಳ್ತಾಳೆ ಸಾರ್!"

ಅವರು ಅವಳ ಲೆಕ್ಕದ ಪುಸ್ತಕ ತೆಗೆದರು. ಆಮೇಲೆ ಅದನ್ನು ನನ್ನ ಕಡೆ ತಿರುಗಿಸಿದರು. "ಯಾವ ಭಾಷೇಲಿ ಹೇಳಿದ್ರೂ ಇದು ಖಾಲಿ ಇದೆಯಮ್ಮಾ."

ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಮನೆಗೆ ಬಂದೆ. ಬಾಗಿಲು ತೆರೆದವಳು ನನ್ನ ಮುಖ ನೋಡಿದ್ದೇ ನನ್ನ ಕೈಯ ಚೀಲ ಇಸಿದುಕೊಂಡಳು.

"ಲೆಕ್ಕದ ಸರ್ ಏನರೆ ಅಂದ್ರೇನವಾ? ಅವರದೂ ತಪ್ಪಲ್ಲ, ಪಾಪ. ಅಷ್ಟೊಂದ ಹುಡುಗರು, ಒಬ್ಬರ ಪುಸ್ತಕ ಇನ್ನೊಬ್ಬರ ಹೆಸರಿಗೆ ಹೋಗಿಬಿಡತಾವು. ಬಿಸಿಲಾಗ ಬಂದಿ, ನೀ ಮೊದಲ ಕೂಡು. ನೀರ ತರತೇನಿ."

ಬೈಯಲೆಂದೇ ಬಾಯಿ ತೆರೆದೆ. ಹೊರಗೆ ಬಂದದ್ದು, "ಇನ್ನೊಮ್ಮೆ ಹೇಳು."