ಗುರುವಾರ ಹನ್ನೊಂದು ಗಂಟೆಯ ತಲೆನೋವು

ನಾನು ಮನುಷ್ಯರಿಗಿಂತ ಕಂಪ್ಯೂಟರನ್ನು ಹೆಚ್ಚು ನಂಬುವವನು. ಇದು ಒಳ್ಳೆಯ ಗುಣವಲ್ಲವೆಂದು ಗೊತ್ತು. ಹೆಂಡತಿ "ಮಳೆ ಬಂತು, ಬಟ್ಟೆ ತೆಗೆಯಿರಿ" ಎಂದು ಕೂಗಿದರೂ ಮೊಬೈಲಿನಲ್ಲಿ ಹವಾಮಾನ ನೋಡಿದ ಮೇಲೆಯೇ ಅಂಗಳಕ್ಕೆ ಇಳಿಯುತ್ತೇನೆ. ಅಷ್ಟರಲ್ಲಿ ಬಟ್ಟೆ ಎರಡನೇ ಸಲ ಒಗೆದಂತಾಗಿರುತ್ತದೆ. ಈ ಗುಣಕ್ಕೆ ತಕ್ಕ ಕೆಲಸವೇ ನನಗೆ ಸಿಕ್ಕಿದೆ. ಮೂಡುಬಿದಿರೆಯ ಒಂದು ಆಸ್ಪತ್ರೆಯಲ್ಲಿ ಹೊಸ ಔಷಧಿಗಳ ಪರೀಕ್ಷೆ ನಡೆಯುವಾಗ ಅದರ ಕಂಪ್ಯೂಟರು, ಮಾಹಿತಿ ನೋಡಿಕೊಳ್ಳುವವನು ನಾನು. ಮಾತ್ರೆ ಕೊಡುವವರು ಡಾಕ್ಟರು, ನುಂಗುವವರು ರೋಗಿಗಳು. ನೋವು ಕಡಿಮೆಯಾಯಿತೋ ಇಲ್ಲವೋ ಎಂದು ದೂರದ ಕಂಪೆನಿಗೆ ತಿಳಿಯುವುದು ನನ್ನ ಮೂಲಕ. ರೋಗಿಗಳ ಹೆಸರು ನನ್ನ ಪರದೆಗೆ ಬರುವುದಿಲ್ಲ, ನಂಬರು ಮಾತ್ರ. ಆದ್ದರಿಂದ ಹದಿನೇಳನೇ ನಂಬರಿನವರನ್ನು ಇಲ್ಲಿ ಗಿರಿಜಕ್ಕ ಎನ್ನುತ್ತೇನೆ. ನಿಜವಾದ ಹೆಸರು ಬರೆದರೆ ನನ್ನ ಕೆಲಸ ಹೋದೀತು.

ಈ ಸಲದ ಪರೀಕ್ಷೆ ಅರೆತಲೆನೋವಿನ ಮಾತ್ರೆಯದ್ದು. ಸೇರಿದವರಿಗೆಲ್ಲ ಒಂದೊಂದು ಫೋನು ಕೊಟ್ಟಿದ್ದೆವು. ದಿನಾ ಸಂಜೆ ಅದರಲ್ಲಿ ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟಿತ್ತೆಂದು ಒತ್ತಬೇಕು, ಅಷ್ಟೆ. ಒಂದು ದಿನ ಕಂಪೆನಿಯಿಂದ ಪತ್ರ ಬಂತು: ಹದಿನೇಳನೇ ನಂಬರಿನ ವಾರದ ಏಳೂ ಉತ್ತರಗಳು ಪ್ರತಿ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಒಟ್ಟಿಗೆ ದಾಖಲಾಗುತ್ತಿವೆ, ಇವು ನೆನಪಿನಿಂದ ಬರೆದವಾದರೆ ಎಲ್ಲವನ್ನೂ ಕೈಬಿಟ್ಟು ಅವರನ್ನು ಪರೀಕ್ಷೆಯಿಂದ ತೆಗೆಯಬೇಕು.

ಪರದೆ ನೋಡಿದೆ. ಹೌದು, ಏಳೂ ಹನ್ನೊಂದಕ್ಕೇ. ನನಗೆ ಅಷ್ಟು ಸಾಕಿತ್ತು. "ಕಳ್ಳಲೆಕ್ಕ ಬರೆದು ಸಿಕ್ಕಿಬಿದ್ದರು" ಎಂದೆ.

ರೋಗಿಗಳನ್ನು ನೋಡಿಕೊಳ್ಳುವ ಸಿಸ್ಟರ್ ಲವೀನಾ ಕನ್ನಡಕ ತೆಗೆದು ನನ್ನನ್ನೇ ದಿಟ್ಟಿಸಿದರು. "ಆ ಅಕ್ಕ ಹಾಗೆ ಮಾಡುವವರಲ್ಲ. ನೀವು ಒಮ್ಮೆ ಅವರ ಮುಖ ನೋಡಿದ್ದೀರಾ? ನಾಳೆ ಅವರ ಮನೆಗೆ, ಕೊಕ್ಕಡಕ್ಕೆ ಹೋಗುವ, ಬನ್ನಿ."

ಡಾಕ್ಟರ ಒಪ್ಪಿಗೆ ಪಡೆದು ಹೊರಟೆವು. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿದ್ದಾಯಿತು, ಕೊಕ್ಕಡದಿಂದ ಮುಂದೆ ರಿಕ್ಷಾ, ಆಮೇಲೆ ಕಾಲ್ನಡಿಗೆ. ಕಂಪ್ಯೂಟರಿನ ಮುಂದೆ ಕೂತೇ ಹೊಟ್ಟೆ ಬೆಳೆಸಿದ ನಾನು ಗುಡ್ಡ ಹತ್ತುವಾಗ ಮೂರು ಕಡೆ ನಿಂತು ಪ್ರಕೃತಿ ಸೌಂದರ್ಯ ಸವಿದೆ. ಸಿಸ್ಟರಿಗೆ ನಗು ತಡೆಯಲಾಗಲಿಲ್ಲ.

ಗಿರಿಜಕ್ಕ ರಬ್ಬರ್ ಶೀಟು ಒತ್ತುವ ಮೆಷಿನ್ನಿನ ಹತ್ತಿರವಿದ್ದರು. ನನ್ನನ್ನು ಕಂಡದ್ದೇ ಕೈ ತೊಳೆದು ಬಂದು, ಮನೆಮಾತು ತುಳು ಬಿಟ್ಟು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, "ಕುಳಿತುಕೊಳ್ಳಿ ಸರ್. ಆಸರಿಗೆ ಏನು ಕೊಡಲಿ?" ಎಂದರು. ನೀರು, ಬೆಲ್ಲ ಬಂತು. ಬೆಲ್ಲ ಬಾಯಲ್ಲಿಟ್ಟುಕೊಂಡು ವಿಚಾರಣೆ ಮಾಡುವುದು ಕಷ್ಟ, ಆದರೂ ಕೇಳಿದೆ.

"ಅಕ್ಕ, ದಿನಾ ಒತ್ತುತ್ತೀರೋ, ಗುರುವಾರ ಎಲ್ಲ ಒಟ್ಟಿಗೆ ಒತ್ತುತ್ತೀರೋ?"

"ಒಟ್ಟಿಗೆ ಒತ್ತಲಿಕ್ಕೆ ಅದೇನು ರಬ್ಬರ್ ಶೀಟಾ ಸರ್?" ಎಂದರು. ಆಮೇಲೆ ನನ್ನ ಮುಖ ನೋಡಿ ಅವರ ಸ್ವರ ಇಳಿಯಿತು. "ಮೊನ್ನೆ ಆದಿತ್ಯವಾರ ಕಿಟಕಿ ಮುಚ್ಚಿ ಮಲಗಿದ್ದೆ. ನೋವು ಬಂದ್ರೆ ಬೆಳಕು ನೋಡ್ಲಿಕ್ಕೆ ಆಗುವುದಿಲ್ಲ. ಆದ್ರೂ ಆ ಫೋನಿನ ಬೆಳಕು ನೋಡಿ ಒಂಬತ್ತು ಒತ್ತಿದ್ದೇನೆ. ಸಿಸ್ಟರಿಗೆ ಮಾತು ಕೊಟ್ಟದ್ದಲ್ವಾ? ಮೊದಲು ವಾರಕ್ಕೆ ನಾಲ್ಕು ದಿನ ಮಲಗ್ತಿದ್ದೆ ಸರ್, ಈಗ ಒಂದೇ ದಿನ. ಮಾತ್ರೆ ನಿಲ್ಲಿಸ್ತೀರಾ?"

ಕೈಯಲ್ಲಿ ಉಳಿದಿದ್ದ ಬೆಲ್ಲವನ್ನು ತಟ್ಟೆಗೆ ಹಾಕಿದೆ. ಸಿಸ್ಟರ್ ಸುತ್ತ ನೋಡಿ, "ಇಲ್ಲಿ ನೆಟ್‌ವರ್ಕ್ ಉಂಟಾ ಅಕ್ಕ?" ಎಂದು ಕೇಳಿದರು.

"ಇಲ್ಲೆಲ್ಲಿಯದು ಮಾರಾಯ್ರೆ! ಗುರುವಾರ ಶೀಟು ಮಾರ್ಲಿಕ್ಕೆ ಪೇಟೆಗೆ ಹೋಗ್ತೇನಲ್ಲ, ಬಸ್ಸು ಇಳಿದ ಕೂಡಲೇ ಫೋನು ಟಿಂಗ್ ಟಿಂಗ್ ಅಂತದೆ."

ಫೋನು ತರಿಸಿಕೊಂಡು ಅದರ ಹೊಟ್ಟೆಯೊಳಗಿನ ಪಟ್ಟಿ ತೆರೆದೆ. ಸೋಮವಾರ ಸಂಜೆ ಆರೂವರೆ, ಮಂಗಳವಾರ ಆರೂಮುಕ್ಕಾಲು, ಒಂದು ದಿನವೂ ತಪ್ಪಿರಲಿಲ್ಲ. ಆದಿತ್ಯವಾರ ಸಂಜೆ ಏಳಕ್ಕೆ ಒಂಬತ್ತು. ಅವರು ಒತ್ತಿದ ಸಮಯವೆಲ್ಲ ಅಲ್ಲಿ ಭದ್ರವಾಗಿತ್ತು. ನಮಗೆ ಬರುತ್ತಿದ್ದದ್ದು ಮಾತ್ರ ಪೇಟೆ ಮುಟ್ಟಿದ ಸಮಯ. ಯಾವ ಸಮಯ ಕಳುಹಿಸಬೇಕೆಂದು ಫೋನು ಸಿದ್ಧಮಾಡುವಾಗ ಒಂದು ಕಡೆ ಗುರುತು ಹಾಕಬೇಕಿತ್ತು. ಹಾಕಬೇಕಾಗಿದ್ದವನು ನಾನು. ಮೂಡುಬಿದಿರೆಯ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತವನಿಗೆ ನೆಟ್‌ವರ್ಕ್ ಇಲ್ಲದ ಊರು ನೆನಪಾಗಿರಲಿಲ್ಲ.

"ನಿಮ್ಮದು ಎಲ್ಲ ಸರಿ ಉಂಟು ಅಕ್ಕ, ತಪ್ಪು ನನ್ನದು. ಈ ಪಟ್ಟಿ ನೋಡಿದ ಮೇಲೆ ಯಾರೂ ನಿಮ್ಮನ್ನು ತೆಗೆಯುವುದಿಲ್ಲ" ಎಂದೆ. ಅವರು ಸಿಸ್ಟರನ್ನು ನೋಡಿದರು. ಸಿಸ್ಟರ್ ತಲೆಯಾಡಿಸಿದ ಮೇಲೆಯೇ ನಂಬಿದರು. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಮರುದಿನ ಪಟ್ಟಿಯನ್ನೆಲ್ಲ ಕಂಪೆನಿಗೆ ಕಳುಹಿಸಿದೆ. ಅವರು ಒಪ್ಪಿದರು, ಗಿರಿಜಕ್ಕ ಉಳಿದರು. ಸಮಯ ತಿದ್ದುವಾಗ ಕಂಪ್ಯೂಟರು ಕಾರಣ ಕೇಳಿತು: "ರೋಗಿಯ ತಪ್ಪು", "ಯಂತ್ರದ ತಪ್ಪು", "ಇತರ". ಬೆರಳು ತಾನಾಗಿಯೇ "ಯಂತ್ರದ ತಪ್ಪು" ಒತ್ತಿಬಿಟ್ಟಿತು. ಸ್ವಲ್ಪ ಹೊತ್ತಿಗೆ ನಾಚಿಕೆಯಾಗಿ ಅದನ್ನು ಅಳಿಸಿ, "ಇತರ: ನನ್ನ ತಪ್ಪು" ಎಂದು ಬರೆದೆ. ಇಷ್ಟು ಪ್ರಾಮಾಣಿಕ ಮನುಷ್ಯ ಈ ಕಾಲದಲ್ಲಿ ಅಪರೂಪ ಎಂದು ನನ್ನ ಬಗ್ಗೆಯೇ ಹೆಮ್ಮೆಪಡುತ್ತಿದ್ದೆ. ಆದರೆ ನಮ್ಮ ಕಂಪ್ಯೂಟರಿನಲ್ಲಿ ಏನು ತಿದ್ದಿದರೂ ಮೊದಲಿನದ್ದು ಅಳಿಯುವುದಿಲ್ಲ. ನಾನು ಸತ್ಯ ಹೇಳುವುದಕ್ಕೆ ಮೊದಲು ಹನ್ನೊಂದು ನಿಮಿಷ ಸುಳ್ಳು ಹೇಳಿದ್ದೆ ಎಂಬುದು ನನ್ನ ಹೆಸರಿನೊಂದಿಗೆ, ಸೆಕೆಂಡು ಸಮೇತ, ಅಲ್ಲಿ ಶಾಶ್ವತವಾಗಿ ಉಂಟು.